ತಾಳೆಯಾಯಿತು ಅಂತ ಎದ್ದುಬಿಡಬೇಡ

ಬಿ.ಕಾಂ. ಸೇರಿದೆ ಅಂತ ಗೊತ್ತಾಯಿತು, ಸಂತೋಷ ಮರಿ. ನಿನ್ನ ತಲೆ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆತುರ ಅದಕ್ಕಿಂತ ಚುರುಕು. ಮೊದಲ ಸೆಮಿಸ್ಟರ್ ಮುಗಿದಿಲ್ಲ, ಆಗಲೇ ಟ್ಯಾಲಿ ಕ್ಲಾಸು, ಜಿಎಸ್‌ಟಿ ಕೋರ್ಸು, ಸಾಲದ್ದಕ್ಕೆ ಫೋನಿನಲ್ಲಿ ಶೇರು ವ್ಯಾಪಾರ. ಒಂದು ಜರ್ನಲ್ ಎಂಟ್ರಿ ಬರಿ ಅಂದರೆ ಮಾತ್ರ ಗೈಡಿನ ಕಡೆ ಕಣ್ಣು ಹೋಗುತ್ತದೆ. ಬಾ, ಸ್ವಲ್ಪ ಹೊತ್ತು ಕೂತುಕೋ.

ಟ್ಯಾಲಿ ಬೇಡ ಅನ್ನುವವನಲ್ಲ ನಾನು. 1986ರಲ್ಲಿ ನಮ್ಮ ಬೆಂಗಳೂರಿನಲ್ಲೇ ಶುರುವಾದ ಕಂಪನಿ ಅದು. ಇವತ್ತು ಟ್ಯಾಲಿ ಬಾರದಿದ್ದರೆ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಕೆಲಸ ಕಷ್ಟ. ಆದರೆ ನೀನು ತಪ್ಪು ಖಾತೆಗೆ ಹಾಕಿದರೆ ಅದು ತಪ್ಪನ್ನೇ ಅಂದವಾಗಿ ಕೂಡಿಸಿ ಕೊಡುತ್ತದೆ. ಮೊದಲ ವರ್ಷವಾದರೂ ಕೈಯಲ್ಲಿ ಬರೆ. ಗೆರೆ ಎಳೆ, ತಾರೀಖು ಹಾಕು, ವಿವರಣೆ ಬರೆ. ಬೆರಳು ನೋಯಲಿ, ಪರವಾಗಿಲ್ಲ.

ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲವೇ? ಉಳಿದದ್ದನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಕ್ಯಾಂಟೀನಿಗೆ ಓಡಬೇಡ. ವ್ಯತ್ಯಾಸ ಎಷ್ಟಿದೆ ನೋಡು. ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ? ಹಾಗಿದ್ದರೆ ಎಲ್ಲೋ ಅಂಕಿ ಅದಲು ಬದಲಾಗಿರಬಹುದು; 540 ಇದ್ದದ್ದು 450 ಆದರೆ ಉಳಿಯುವುದು 90. ಇಲ್ಲವಾದರೆ ವ್ಯತ್ಯಾಸವನ್ನು ಅರ್ಧ ಮಾಡಿ ಹುಡುಕು. 500 ವ್ಯತ್ಯಾಸ ಬಂದಿದ್ದರೆ 250ರ ಮೊತ್ತವೊಂದು ಡೆಬಿಟ್ ಬಿಟ್ಟು ಕ್ರೆಡಿಟ್ ಕಡೆ ಕೂತಿರಬಹುದು. ಹೀಗೆ ಹುಡುಕಿ ಹುಡುಕಿ ಒಂದು ಸಂಜೆ ಪೂರ್ತಿ ಹೋದರೂ ಹೋಗಲಿ. ಐದು ಇಂಪಾರ್ಟೆಂಟ್ ಪ್ರಶ್ನೆ ಬಾಯಿಪಾಠ ಮಾಡಿದ್ದಕ್ಕಿಂತ ಆ ಸಂಜೆ ನಿನಗೆ ಹೆಚ್ಚು ಕಲಿಸುತ್ತದೆ.

ಈಗ ನಾನು ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ತಾಳೆಯಾಯಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಅಂಗಡಿಗೆ ಹೊಸ ತೂಕದ ಯಂತ್ರ ತಂದು ಅದನ್ನು ಸರಕಿನ ಖರೀದಿಗೆ ಬರೆದರೆ ಎರಡೂ ಕಡೆ ಕೂಡುತ್ತದೆ, ಲಾಭ ಮಾತ್ರ ಸುಳ್ಳಾಗುತ್ತದೆ. ಒಂದು ಬಿಲ್ಲನ್ನು ಬರೆಯದೇ ಬಿಟ್ಟರೂ ಕೂಡುತ್ತದೆ. ಹೈದರಾಬಾದಿನ ಸತ್ಯಂ ಕಂಪನಿಯ ಅಢಾವೆ ಪತ್ರಿಕೆಯೂ ಚೆನ್ನಾಗಿಯೇ ಕೂಡಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಅಂಕಿ ಇತ್ತು, ಹಣ ಇರಲಿಲ್ಲ. ಆಡಿಟಿಂಗ್ ಪಾಠದಲ್ಲಿ ಬ್ಯಾಂಕಿನಿಂದ ನೇರವಾಗಿ ದೃಢೀಕರಣ ತರಿಸಿಕೊಳ್ಳಬೇಕು ಅನ್ನುವ ಒಂದು ಸಾಲು ಬರುತ್ತದೆ. ಎರಡು ಅಂಕದ ಪ್ರಶ್ನೆ ಅಂತ ಅದನ್ನು ಹಾರಿಸಿ ಓದಬೇಡ.

ಹಳೇ ಜವಳಿ ಅಂಗಡಿಗಳಲ್ಲಿ ರಾತ್ರಿ ಬಾಗಿಲು ಹಾಕುವ ಮುಂಚೆ ಕಿರ್ದಿ ಬರೆದು, ಗಲ್ಲಾಪೆಟ್ಟಿಗೆಯ ನೋಟು ಎಣಿಸಿ, ಎರಡೂ ಒಂದಾದ ಮೇಲೆಯೇ ಅಖೈರು ಶಿಲ್ಕು ಬರೆಯುತ್ತಿದ್ದರು. ಆ ಗುಮಾಸ್ತರಲ್ಲಿ ಎಷ್ಟೋ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಪುಸ್ತಕವೂ ವ್ಯಾಪಾರಿ ಮೊದಲು ತನ್ನ ಸ್ವತ್ತು, ಸಾಲ ಎಲ್ಲದರ ಪಟ್ಟಿ ಮಾಡಿಕೊಳ್ಳಲಿ ಅನ್ನುತ್ತದೆ. ಲೆಕ್ಕದ ಪುಸ್ತಕ ತೆರೆಯುವುದು ಆಮೇಲೆ. ಮೊದಲು ವಸ್ತು, ಆಮೇಲೆ ಅಂಕಿ. ನೀನು ಪರೀಕ್ಷೆಯ ಭರಾಟೆಯಲ್ಲಿ ಇದನ್ನು ತಿರುಗಿಸಿ ಹಿಡಿದಿದ್ದೀಯ.

ನಾಳೆ ಕೆಲಸಕ್ಕೆ ಸೇರಿದ ಮೇಲೆ ಯಾರಾದರೂ ಹೆಗಲ ಮೇಲೆ ಕೈ ಹಾಕಿ, ‘ಈ ಬಿಲ್ಲನ್ನು ಹಿಂದಿನ ತಾರೀಖಿಗೆ ಹಾಕಪ್ಪ’ ಅಂದೇ ಅನ್ನುತ್ತಾರೆ. ಹೆದರಬೇಡ, ಜಗಳವನ್ನೂ ಆಡಬೇಡ. ‘ವೋಚರ್ ಕೊಡಿ ಸರ್, ಅದರಲ್ಲಿರುವ ತಾರೀಖಿಗೆ ಬರೀತೀನಿ’ ಅನ್ನು. ಮೆತ್ತಗೆ ಹೇಳು, ಆದರೆ ಕದಲಬೇಡ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ, ಅದು ಆದ ದಿನವೂ ದಾಖಲಾಗಿ ಉಳಿಯಬೇಕು ಅನ್ನುವ ನಿಯಮವಿದೆ. ಆ ನಿಯಮ ಇಲ್ಲದ ಕಾಲದಲ್ಲೂ ಕದಲದವರನ್ನು ನಾನು ಕಂಡಿದ್ದೇನೆ. ಅವರಿಗೆ ಬಡ್ತಿ ತಡವಾಗಿ ಬಂತು, ನಿಜ. ಆದರೆ ಬೀಗದ ಕೈ ಯಾರ ಹತ್ತಿರ ಇರಲಿ ಅನ್ನುವ ಪ್ರಶ್ನೆ ಬಂದಾಗ ಮಾಲೀಕರು ಅವರನ್ನೇ ಕರೆದರು.

ಸಿಎ ಮಾಡುವ ಆಸೆ ಇದೆಯಲ್ಲ, ಇರಲಿ. ಪದವಿಯಲ್ಲಿ ಶೇ 55 ಅಂಕ ತೆಗೆದರೆ ಫೌಂಡೇಶನ್ ಪರೀಕ್ಷೆ ಬರೆಯದೆ ಇಂಟರ್‌ಮೀಡಿಯೆಟ್‌ಗೆ ನೇರ ದಾರಿ ಇದೆ. ಹೇಗೂ ಒಂದು ಡಿಗ್ರಿ ಅಂತ ಈ ಮೂರು ವರ್ಷ ಕಡೆಗಣಿಸಬೇಡ.

ಈ ಸಲ ಮಾರ್ಚ್ 31ಕ್ಕೆ ನಮ್ಮ ಊರಿನ ಸೊಸೈಟಿ ಗೋದಾಮಿನಲ್ಲಿ ಸ್ಟಾಕ್ ಎಣಿಸುತ್ತಾರೆ. ಕಾರ್ಯದರ್ಶಿಯವರನ್ನು ಕೇಳಿಕೊಂಡು ಜೊತೆಗೆ ಹೋಗು. ಗೊಬ್ಬರದ ಚೀಲ ನೀನೇ ಮುಟ್ಟಿ ಎಣಿಸು, ಸ್ಟಾಕ್ ರಿಜಿಸ್ಟರ್ ಪಕ್ಕದಲ್ಲಿಟ್ಟು ನೋಡು. ಎರಡು ಚೀಲ ಕಡಿಮೆ ಬಂದರೆ ಹರಿದು ಹೋದವೋ, ಉದ್ರಿ ಹೋದವೋ, ಬಿಲ್ಲೇ ಬರೆದಿಲ್ಲವೋ ಅಂತ ಸಂಕೋಚವಿಲ್ಲದೆ ಕೇಳು. ಕಲಿಯುವ ಮಕ್ಕಳು ಕೇಳಿದರೆ ಅಲ್ಲಿ ಯಾರೂ ಗದರಿಸುವುದಿಲ್ಲ. ಹಳೇ ಅಂಗಿ ಹಾಕಿಕೊಂಡು ಹೋಗು, ಅಲ್ಲಿ ಧೂಳು ಜಾಸ್ತಿ.