ಈ ಮಳೆಗಾಲಕ್ಕೊಂದು ವಿಷಯ

ಬರೆಯಬೇಕು, ಚಿತ್ರ ಬಿಡಿಸಬೇಕು ಎಂದು ಯುಗಾದಿಗೆ ಮಾಡಿದ ಸಂಕಲ್ಪ ಜೂನ್ ಹೊತ್ತಿಗೆ ಆರಿಹೋಗಿದ್ದರೆ ಬೇಸರ ಬೇಡ. ವರ್ಷವಿಡೀ ಹೊರಲು ಅದು ತೀರಾ ಭಾರ. ಒಂದು ಕಾಲಕ್ಕೆ ಒಂದೇ ವಿಷಯ ಇಟ್ಟುಕೊಳ್ಳಿ. ಈ ಮಳೆಗಾಲಕ್ಕೆ ‘ಸೂರು’ ಎನ್ನೋಣ. ಸೋರುವ ಹಂಚು, ಬಸ್ ಸ್ಟಾಪಿನ ತಗಡು, ಮಲೆನಾಡಿನ ಗದ್ದೆಯಲ್ಲಿ ನಾಟಿ ಮಾಡುವವರ ಬೆನ್ನ ಮೇಲಿನ ಗೊರಬು, ಬಾಲ್ಕನಿಯಲ್ಲಿ ಮುದುರಿ ಕೂತ ಪಾರಿವಾಳ, ಎಲ್ಲವೂ ಅದರೊಳಗೇ ಬರುತ್ತವೆ. ‘ಪ್ರಕೃತಿ’, ‘ಬದುಕು’ ಎಂಬಂಥ ಅಗಲದ ವಿಷಯ ಮಾತ್ರ ಬೇಡ. ಎಲ್ಲಿಂದ ಶುರು ಮಾಡುವುದೆಂದೇ ತಿಳಿಯುವುದಿಲ್ಲ.

ಗಡುವಿಗೆ ನಮ್ಮ ರೈತರ ಲೆಕ್ಕವೇ ಸಾಕು. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ: ಒಂದೊಂದು ಮಳೆ ನಕ್ಷತ್ರಕ್ಕೂ ಸುಮಾರು 13–14 ದಿನ. ಅಷ್ಟರಲ್ಲಿ ಒಂದು ಪದ್ಯವೋ ನಾಲ್ಕು ಫೋಟೊಗಳೋ ಆದರೆ ಆಯಿತು. (ಕಾದಂಬರಿ ಬರೆಯುವವರ ಕಷ್ಟ ಬೇರೆ, ಅವರು ಕ್ಷಮಿಸಲಿ.) ನಕ್ಷತ್ರ ಬದಲಾದ ದಿನ ಮಾಡಿದ್ದನ್ನು ಒಬ್ಬ ಗೆಳೆಯರಿಗಾದರೂ ತೋರಿಸಿ. ಒಂದು ನಕ್ಷತ್ರ ಖಾಲಿ ಹೋದರೆ ಬಾಕಿ ಹೊತ್ತುಕೊಳ್ಳಬೇಡಿ, ಮುಂದಿನದರಿಂದ ಶುರು ಮಾಡಿ.

ಆರಿದ್ರಾ ಮಳೆ ಜೂನ್ 21–22ರ ಸುಮಾರಿಗೆ ಹುಟ್ಟುತ್ತದೆ. ಅಷ್ಟರೊಳಗೆ ನಿಮ್ಮ ವಿಷಯ ಆರಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.