ಮಧುಮೇಹಿಗಳಿಗೆ ಇಂಪ್ಲಾಂಟ್ ಹಲ್ಲು: ಎಲುಬು ಕೂಡಿಕೊಳ್ಳುವ ಬಗೆ

ಸಕ್ಕರೆ ಕಾಯಿಲೆ ಇದ್ದವರು ಇಂಪ್ಲಾಂಟ್ ಹಲ್ಲು ಹಾಕಿಸಿಕೊಳ್ಳಬಹುದೇ ಎಂದು ಸದ್ಭಕ್ತರು ನಮ್ಮನ್ನು ಆಗಾಗ ಕೇಳುವುದುಂಟು. ಹಾಕಿಸಿಕೊಳ್ಳಬಹುದು. ಆದರೆ ಯಾವಾಗ ಎಂಬುದನ್ನು ರೋಗಿಯ ರಕ್ತವೇ ಹೇಳಬೇಕು.

ಗೋಡೆಗೆ ತಿರುಪು ಮೊಳೆ ಬಿಗಿದಂತೆ ಇಂಪ್ಲಾಂಟ್ ನಿಲ್ಲುತ್ತದೆಂಬ ಭಾವನೆ ಹಲವರಲ್ಲಿದೆ. ಆ ಬಿಗಿತ ಮೊದಲ ಕೆಲವು ದಿನಗಳದ್ದು ಮಾತ್ರ. ಅನಂತರ ಸುತ್ತಲಿನ ಹಳೆಯ ಎಲುಬು ಸ್ವಲ್ಪ ಸ್ವಲ್ಪವಾಗಿ ಕರಗಿ, ಹೊಸ ಎಲುಬು ಬೆಳೆದು ಲೋಹವನ್ನು ಅಪ್ಪಿಕೊಳ್ಳಬೇಕು. ಟೈಟಾನಿಯಂ ಲೋಹಕ್ಕೆ ಎಲುಬು ಹೀಗೆ ಅಂಟಿಕೊಳ್ಳುವುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಕಂಡರು. ಹಲ್ಲಿಗಾಗಿ ಅದನ್ನು ಮನುಷ್ಯನ ದವಡೆಯಲ್ಲಿ ಕೂರಿಸಿದ್ದು 1965ರಲ್ಲಿ. ಹಳೆಯ ಹಿಡಿತ ಸಡಿಲಗೊಂಡು ಹೊಸ ಹಿಡಿತ ಇನ್ನೂ ಬಲಗೊಳ್ಳದ ಮೂರು, ನಾಲ್ಕನೆಯ ವಾರಗಳೇ ಅತಿ ನಾಜೂಕಿನ ಕಾಲ.

ಮಧುಮೇಹ ತೊಂದರೆ ಕೊಡುವುದೂ ಇಲ್ಲಿಯೇ. ಎಲುಬಿನ ಹಂದರವಾದ ಕೊಲಾಜನ್ ಎಂಬ ಪ್ರೋಟೀನಿಗೆ ಹೆಚ್ಚಿನ ಸಕ್ಕರೆ ಅಂಟಿ ಅದನ್ನು ಪೆಡಸಾಗಿಸುತ್ತದೆ. ಎಲುಬು ಕಟ್ಟುವ ಜೀವಕೋಶಗಳು ಮಂದವಾಗುತ್ತವೆ. ಉರಿಯೂತ ಬೇಗ ಶಮನವಾಗುವುದಿಲ್ಲ. ಸಣ್ಣ ರಕ್ತನಾಳಗಳು ಹಾಳಾಗಿ ಗಾಯಕ್ಕೆ ಬೇಕಾದ ಪೋಷಣೆ ತಲುಪದು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಸೋಲುತ್ತವೆ. ಒಟ್ಟಿನಲ್ಲಿ ಎಲುಬು ಕೂಡುವುದು ನಿಲ್ಲುವುದಿಲ್ಲವಾದರೂ ನಿಧಾನವಾಗುತ್ತದೆ.

ಈ ನಿಧಾನದ ಬೆಲೆಯನ್ನು ನಾವು ವೃತ್ತಿಯ ಆರಂಭದಲ್ಲಿ ಅರಿತೆವು. ಮೊಮ್ಮಗಳ ಮದುವೆಯೊಳಗೆ ಹಲ್ಲು ಬೇಕೆಂದು ಹಿರಿಯರೊಬ್ಬರು ಆತುರಪಟ್ಟರು. ಅಂದಿನ ಬೆಳಗಿನ ರಕ್ತಪರೀಕ್ಷೆಯ ಚೀಟಿ ಚೆನ್ನಾಗಿಯೇ ಇದ್ದುದರಿಂದ ನಾವು ಒಪ್ಪಿದೆವು. ಐದನೆಯ ವಾರ ಇಂಪ್ಲಾಂಟ್ ನೋವಿಲ್ಲದೆ ಅಲುಗಾಡತೊಡಗಿತು, ತೆಗೆಯಲೇಬೇಕಾಯಿತು. ಪರೀಕ್ಷೆಗೆ ಮುನ್ನ ನಾಲ್ಕು ದಿನ ಅನ್ನ, ಸಿಹಿ ಎರಡನ್ನೂ ಬಿಟ್ಟಿದ್ದೆನೆಂದು ಆಗ ಅವರೇ ನಗುತ್ತ ಹೇಳಿದರು. ತಪ್ಪು ಅವರದಲ್ಲ, ಒಂದು ಚೀಟಿಯನ್ನೇ ನಂಬಿದ ನಮ್ಮದು.

ಆದ್ದರಿಂದ ಈಗ ಎಚ್‌ಬಿಎ1ಸಿ ಪರೀಕ್ಷೆಯನ್ನು ಕಡ್ಡಾಯವಾಗಿ ನೋಡುತ್ತೇವೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆ ಹಿಂದಿನ ಎರಡು ಮೂರು ತಿಂಗಳ ಕಥೆಯನ್ನು ಹೇಳುತ್ತದೆ. ನಾಲ್ಕು ದಿನದ ಪಥ್ಯ ಅದನ್ನು ಮರೆಮಾಚಲಾರದು. ಈ ಅಂಕಿ ಶೇ. 7ರ ಆಸುಪಾಸಿನಲ್ಲಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. 8 ದಾಟಿದ್ದರೆ ಮೊದಲು ಮಧುಮೇಹದ ವೈದ್ಯರನ್ನು ಕಾಣಿರೆಂದು ಕಳುಹಿಸುತ್ತೇವೆ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲಿನ ಸೆಟ್ಟಿನಿಂದ ಊಟ ಸಾಗುತ್ತದೆ. ಸಕ್ಕರೆ ಹತೋಟಿಯಲ್ಲಿರುವವರಲ್ಲಿ ಇಂಪ್ಲಾಂಟ್ ಉಳಿಯುವ ಸಾಧ್ಯತೆ ಮಧುಮೇಹವಿಲ್ಲದವರಿಗೆ ಬಹುಮಟ್ಟಿಗೆ ಸಮವಾಗಿಯೇ ಇದೆ. ಆದರೂ ಮೇಲೆ ಹಲ್ಲು ಕೂರಿಸಲು ಅವಸರ ಬೇಡ. ಕೆಳದವಡೆಗೆ ಸುಮಾರು ಮೂರು ತಿಂಗಳು, ಎಲುಬು ಮೆದುವಾದ ಮೇಲ್ದವಡೆಗೆ ಆರು ತಿಂಗಳು ಕಾಯುವ ಹಳೆಯ ಪದ್ಧತಿಯೇ ಇಂಥವರಿಗೆ ಕ್ಷೇಮ.

ಒಸಡಿನಲ್ಲಿ ಕೀವು, ರಕ್ತಸ್ರಾವ ಇದ್ದರೆ ಅದರ ಚಿಕಿತ್ಸೆ ಮೊದಲಾಗಬೇಕು. ಒಸಡಿನ ರೋಗ ವಾಸಿಯಾದರೆ ಸಕ್ಕರೆಯೂ ತುಸು ಇಳಿಯುತ್ತದೆಂಬುದು ಹಲವರಿಗೆ ತಿಳಿಯದು. ತಂಬಾಕು, ಗುಟ್ಕಾ ಬಿಡದವರಿಗೆ ಇಂಪ್ಲಾಂಟ್ ಬೇಡವೆಂದೇ ನಮ್ಮ ಅಭಿಪ್ರಾಯ. ಎಲುಬು ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ಪಡೆಯುತ್ತಿರುವ ತಾಯಂದಿರು ಅದನ್ನು ದಂತವೈದ್ಯರಿಗೆ ತಪ್ಪದೆ ತಿಳಿಸಬೇಕು. ಒಸಡಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಗೆ ಹಸಿದ ಹೊಟ್ಟೆಯಲ್ಲಿ ಬರುವುದು ಸಲ್ಲದು. ಉಪಾಹಾರ ಮುಗಿಸಿ, ವೈದ್ಯರು ಹೇಳಿದಂತೆ ಔಷಧ ತೆಗೆದುಕೊಂಡು ಬೆಳಗಿನ ಹೊತ್ತೇ ಬರಬೇಕು. ಇಲ್ಲವಾದರೆ ಸಕ್ಕರೆ ಕುಸಿದು ತಲೆಸುತ್ತು ಬರಬಹುದು.

ಇಂಪ್ಲಾಂಟ್ ಗಟ್ಟಿಯಾದ ಮೇಲೂ ಅದರ ಸುತ್ತ ಸೋಂಕು ತಗುಲಿ ಎಲುಬು ಸವೆಯಬಹುದು. ಬಹಳ ಸಲ ನೋವೇ ಇರುವುದಿಲ್ಲ. ಹಲ್ಲುಜ್ಜುವಾಗ ಅಲ್ಲಿ ರಕ್ತ ಕಂಡರೆ ತಡಮಾಡದೆ ತೋರಿಸಬೇಕು. ಏನೂ ಕಾಣದಿದ್ದರೂ ಆರು ತಿಂಗಳಿಗೊಮ್ಮೆ ಬಂದು ಪರೀಕ್ಷಿಸಿಕೊಳ್ಳಬೇಕು.