ಮಾತು ಬಿಡಿ, ಕೈ ನೋಡಿ

ಡೊಂಬಿವಲಿಯ ಕಿಟಕಿ ಗ್ರಿಲ್‌ನಲ್ಲಿ ನಾಲ್ಕು ಕುಂಡ ಇಟ್ಟುಕೊಂಡು, ಟಿವಿ ನೋಡಿ ತೋಟಗಾರಿಕೆ ಕಲಿಯುವವರಿಗೆ ಒಂದು ಮಾತು. ನಿರೂಪಕರ ಕೈ ಗಮನಿಸಿ. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಹಸಿ ಇದ್ದರೆ ತಂಬಿಗೆ ಪಕ್ಕಕ್ಕಿಡುವವರು ಸಿಕ್ಕರೆ ಬಿಡಬೇಡಿ. ‘ದಿನಾ ನೀರು ಹಾಕಿ’ ಎಂದವರೊಬ್ಬರನ್ನು ನಂಬಿ ಜುಲೈನಲ್ಲಿ ನನ್ನ ಕರಿಬೇವಿನ ಬೇರು ಕೊಳೆತುಹೋಯಿತು. ಯಾವ ಊರಿನ ಹವೆಗೆ ಹೇಳಿದ್ದರೋ! ಬೆಂಗಳೂರಿನ ಲೆಕ್ಕ ನಮ್ಮ ಠಾಣೆ ಜಿಲ್ಲೆಗೆ ಹೊಂದದು. ಇಲ್ಲಿ ಮಳೆಗಾಲದಲ್ಲೇ 2000 ಮಿ.ಮೀ.ಗೂ ಮಿಕ್ಕಿ ಸುರಿಯುತ್ತದೆ.

ದೂರದರ್ಶನದ ‘ಕೃಷಿ ದರ್ಶನ’ 1967ರ ಜನವರಿ 26ರಂದು ಶುರುವಾದದ್ದು ದಿಲ್ಲಿ ಸುತ್ತಲಿನ ಹಳ್ಳಿಗಳ ರೈತರಿಗಾಗಿ. ಯಾರಿಗೆ, ಯಾವ ಮಣ್ಣಿಗೆ ಎಂಬುದು ಸ್ಪಷ್ಟವಿತ್ತು. ಮುಂಬಯಿ ದೂರದರ್ಶನದ ಮರಾಠಿ ಕಾರ್ಯಕ್ರಮದ ಹೆಸರೇ ‘ಆಮಚೀ ಮಾತೀ, ಆಮಚೀ ಮಾಣಸಂ’; ನಮ್ಮ ಮಣ್ಣು, ನಮ್ಮ ಜನ.

ಇನ್ನು, ಹೂಬಿಟ್ಟ ಗಿಡವನ್ನಷ್ಟೇ ತೋರಿಸುವವರು ನನಗೆ ಅಷ್ಟಕ್ಕಷ್ಟೆ. ಸೊರಗಿದ ದಾಸವಾಳವನ್ನೇ ತಂದು, ಎಲೆ ಮಗುಚಿ, ಬಿಳಿ ಹತ್ತಿಯಂತೆ ಅಂಟಿಕೊಂಡ ಹಿಟ್ಟು ತಿಗಣೆ ತೋರಿಸಬೇಕು. ಅದರ ಸಿಹಿ ಅಂಟಿಗಾಗಿ ಕಾಂಡ ಹತ್ತುತ್ತಿರುವ ಇರುವೆ ಸಾಲನ್ನೂ ತೋರಿಸಿದರೆ ಪೂರ್ತಿ ಅಂಕ.

ಗಿಡದ ಹೆಸರನ್ನು ಎರಡು ಭಾಷೆಯಲ್ಲಿ ಹೇಳುವವರು ನಮ್ಮಂಥವರಿಗೆ ಇನ್ನೂ ಲೇಸು. ಕಲ್ಯಾಣದ ನರ್ಸರಿಯಲ್ಲಿ ಬಸಳೆ ಎಂದರೆ ಮಾಲಿ ಮುಖ ನೋಡುತ್ತಾನೆ. ಮರಾಠಿಯಲ್ಲಿ ‘ಮಾಯಾಳು’ ಎನ್ನಿ, ಬಳ್ಳಿಯ ತುಂಡು ಮುರಿದೇ ಕೊಡುತ್ತಾನೆ.